ಹೊಳೆದಂಡೆಯ ಕೋಟೆಗಳು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ, ಹಳೆಯ ವಿದ್ಯಾರ್ಥಿಗಳ ಸಮಾವೇಶದ ದಿನ ಮಾಡಿದ ಭಾಷಣ)



ಇಪ್ಪತ್ತು ವರ್ಷಗಳ ಹಿಂದೆ ಇದೇ ಮೈದಾನದಲ್ಲಿ ಆಗಸ್ಟ್ 15ರ ಭಾಷಣಕ್ಕೆ ನಿಂತು, ಮೂರನೆಯ ಸಾಲಿಗೇ ಎಲ್ಲ ಮರೆತು, ಜೈ ಹಿಂದ್ ಎಂದು ಇಳಿದು ಹೋದವನು ನಾನು. ಹಿಂದೆ ಕುಳಿತ ಕೆಲವರು ಈಗಲೇ ನಗುತ್ತಿದ್ದಾರೆ; ಅವರಿಗೆ ನೆನಪಿದೆ. ಅದಕ್ಕೇ ಈ ಸಲ ಬರೆದುಕೊಂಡು ಬಂದಿದ್ದೇನೆ.

ಹೆಡ್‌ಮಾಸ್ತರು ಫೋನ್ ಮಾಡಿ, "ಫ್ರಾನ್ಸ್ ದೇಶದಾಗ ಹೊಳಿ ದಂಡಿ ಮ್ಯಾಲಿನ ಕೋಟಿ ನೋಡಿ ಬಂದೀಯಂತಲ್ಲಪಾ, ಅದನ್ನ ಹುಡುಗರಿಗೆ ಹೇಳು" ಎಂದರು. ಆಗಲಿ ಸರ್ ಅಂದೆ. ಬರೆಯಲು ಕುಳಿತರೆ ನಾಲ್ಕು ಸಾಲು ಫ್ರಾನ್ಸಿನ ಹೊಳೆ, ಐದನೆಯ ಸಾಲಿಗೆ ಮಲಪ್ರಭೆ ಬರತೊಡಗಿತು. ಎಷ್ಟು ಸಲ ಹೊಡೆದು ಹಾಕಿದರೂ ಹಾಗೇ ಆಯಿತು. ಕಡೆಗೆ ಎರಡನ್ನೂ ಇಟ್ಟುಕೊಂಡೆ. ಫ್ರಾನ್ಸ್ ಕಡಿಮೆಯಾಯಿತು ಅನಿಸಿದರೆ ಆಮೇಲೆ ಊಟದ ಪಂಕ್ತಿಯಲ್ಲಿ ಕೇಳಿ, ಹೇಳುತ್ತೇನೆ.

ನಮ್ಮ ಕಂಪನಿಯವರು ಒಂದು ಪ್ರಾಜೆಕ್ಟಿಗೆಂದು ನನ್ನನ್ನು ಆರು ತಿಂಗಳು ಪ್ಯಾರಿಸ್‌ಗೆ ಕಳಿಸಿದ್ದರು. ಅಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನ ಊರು ಲ್ವಾರ್ ಎಂಬ ಹೊಳೆಯ ದಂಡೆಯ ಒಂದು ಹಳ್ಳಿ. ಎರಡು ದಿನ ರಜೆ ಬಂದಾಗ ತನ್ನ ಮನೆಗೆ ಕರೆದುಕೊಂಡು ಹೋದ. ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, ಸುಮಾರು ಸಾವಿರ ಕಿಲೋಮೀಟರ್ ಹರಿಯುತ್ತದೆ. ನಮ್ಮ ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವವರೆಗೆ ಹರಿಯುವುದು ಸುಮಾರು 300 ಕಿಲೋಮೀಟರ್. ಅಂದರೆ ಅದರ ಮೂರನೆಯ ಒಂದು ಭಾಗ. ಆದರೆ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದಾಗ ನನಗೆ ಎದೆ ಝಲ್ಲೆಂದಿತು. ಅಗಲವಾದ ಪಾತ್ರ, ನಡುನಡುವೆ ಮರಳಿನ ದಿಬ್ಬ, ದಿಬ್ಬದ ಮೇಲೆ ಪೊದೆ, ಒಂದು ಬದಿಗೆ ಮಾತ್ರ ತೆಳ್ಳಗೆ ಹರಿಯುವ ನೀರು. ಬೇಸಿಗೆಯಲ್ಲಿ ನಮ್ಮ ಹೊಳೆ ಇರುವುದೇ ಹಾಗಲ್ಲವೇ? ಇಷ್ಟು ದೂರ ಬಂದು ನಮ್ಮ ಹೊಳೆಯನ್ನೇ ನೋಡಿದಂತಾಯಿತು.

ಆ ಹೊಳೆ ಮತ್ತು ಅದರ ಉಪನದಿಗಳ ದಂಡೆಯಲ್ಲಿ ನೂರಾರು ಕೋಟೆ, ಅರಮನೆಗಳಿವೆ. ಅವರ ಭಾಷೆಯಲ್ಲಿ ಎರಡಕ್ಕೂ ಒಂದೇ ಹೆಸರು, ಶಾತೋ. ಮೊದಮೊದಲು ಕಟ್ಟಿದವು ನಿಜವಾದ ಕೋಟೆಗಳು. ಆಂಜೆ ಎಂಬ ಊರಿನ ಕೋಟೆಗೆ ಹದಿನೇಳು ಬುರುಜುಗಳಿವೆ. ಆಮೇಲೆ ಯುದ್ಧದ ರೀತಿ ಬದಲಾಯಿತು, ರಾಜರ ಕೈಯಲ್ಲಿ ದುಡ್ಡು ಬಂತು. ಆಗ ಕಟ್ಟಿದವು ಇರಲಿಕ್ಕೆ, ಬೇಟೆಗೆ, ನಾಲ್ಕು ಮಂದಿಗೆ ತೋರಿಸಲಿಕ್ಕೆ. ಇವಕ್ಕೆ ಕೋಟೆ ಎನ್ನುವುದಕ್ಕಿಂತ ನಮ್ಮ ಕಡೆಯ ಮಾತಿನಲ್ಲಿ ವಾಡೆ ಅಂದರೆ ಸರಿಹೋಗುತ್ತದೆ. ದೇಸಾಯರ ವಾಡೆಯನ್ನು ಐವತ್ತು ಪಟ್ಟು ದೊಡ್ಡದು ಮಾಡಿಕೊಂಡರೆ ಷಾಂಬೋರ್ ಆಗುತ್ತದೆ. ಒಂದನೆಯ ಫ್ರಾನ್ಸಿಸ್ ಎಂಬ ರಾಜ 1519ರಲ್ಲಿ ಅದನ್ನು ಕಟ್ಟಿಸಲು ತೊಡಗಿದ. ನಾನೂರಕ್ಕೂ ಹೆಚ್ಚು ಕೋಣೆಗಳು. ಸುತ್ತ ಬೇಟೆಯ ಕಾಡು, ಆ ಕಾಡಿಗೆ 32 ಕಿಲೋಮೀಟರ್ ಉದ್ದದ ಗೋಡೆ. ನಡುವೆ ಒಂದು ಜೋಡಿ ಮೆಟ್ಟಿಲು ಇದೆ, ಹಾವಿನ ಜೋಡಿ ಹೆಣೆದುಕೊಂಡಂತೆ. ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿದರೆ ಕಿಂಡಿಯಲ್ಲಿ ಮುಖ ಕಾಣುತ್ತದೆ, ಎದುರಾಗುವುದಿಲ್ಲ. ನಾನೂ ಗೆಳೆಯನೂ ಚಿಕ್ಕ ಹುಡುಗರಂತೆ ಮೂರು ಸಲ ಹತ್ತಿ ಇಳಿದೆವು. ಇಷ್ಟೆಲ್ಲ ಕಟ್ಟಿಸಿದ ರಾಜ ತನ್ನ ಮೂವತ್ತೆರಡು ವರ್ಷದ ಆಳ್ವಿಕೆಯಲ್ಲಿ ಅಲ್ಲಿ ಇದ್ದದ್ದು ಎಲ್ಲ ಸೇರಿ ಎರಡು ಎರಡೂವರೆ ತಿಂಗಳು ಮಾತ್ರ. ನಮ್ಮಪ್ಪನಿಗೆ ಇದನ್ನು ಹೇಳಿದಾಗ, "ಅಂವಗ ಮನೀ ಕಟ್ಟೂದ ಚಟಾ ಇತ್ತು, ಇರೂದಲ್ಲ" ಎಂದ.

ಅಲ್ಲಿಂದ ಶೆನನ್ಸೋ ಎಂಬಲ್ಲಿಗೆ ಹೋದೆವು. ಇದು ಶೇರ್ ಎಂಬ ಉಪನದಿಯ ಮೇಲೆ ಇದೆ. ದಂಡೆಯ ಮೇಲಲ್ಲ, ಹೊಳೆಯ ಮೇಲೇ. ಸೇತುವೆಯ ಕಮಾನುಗಳ ಮೇಲೆ ಎರಡು ಅಂತಸ್ತಿನ ಉದ್ದನೆಯ ಪಡಸಾಲೆ. ಇದನ್ನು ಹೆಂಗಸರ ಕೋಟೆ ಎಂದು ಕರೆಯುತ್ತಾರೆ. ಮೊದಲ ಒಡೆಯ ಯುದ್ಧಗಳಲ್ಲಿ ಹೊರಗೇ ಇರುತ್ತಿದ್ದ, ನಿಂತು ಕಟ್ಟಿಸಿದವಳು ಅವನ ಹೆಂಡತಿ. ಮುಂದೆ ಎರಡನೆಯ ಹೆನ್ರಿ ಎಂಬ ರಾಜ ಅದನ್ನು ಡಯಾನ್ ಎಂಬಾಕೆಗೆ ಕೊಟ್ಟ. ಆಕೆ ಯಾರು ಎಂದು ಬಿಡಿಸಿ ಹೇಳುವುದಿಲ್ಲ, ಮುಂದೆ ಮಕ್ಕಳು ಕುಳಿತಿದ್ದಾರೆ. ಆಕೆ ಸೇತುವೆ ಕಟ್ಟಿಸಿದಳು. 1559ರಲ್ಲಿ ರಾಜ ಸತ್ತ ಮೇಲೆ ರಾಣಿ ಕ್ಯಾಥರಿನ್ ಆಕೆಯನ್ನು ಅಲ್ಲಿಂದ ಎಬ್ಬಿಸಿ ಬೇರೊಂದು ಕೋಟೆ ಕೊಟ್ಟು ಕಳಿಸಿ, ಅವಳ ಸೇತುವೆಯ ಮೇಲೆ ತನ್ನ ಪಡಸಾಲೆ ಏರಿಸಿದಳು. ಮೊದಲನೆಯ ಮಹಾಯುದ್ಧದಲ್ಲಿ ಆ ಪಡಸಾಲೆ ಗಾಯಾಳುಗಳ ಆಸ್ಪತ್ರೆಯಾಗಿತ್ತು. ಎರಡನೆಯದರಲ್ಲಿ ಅದರ ಒಂದು ಬಾಗಿಲು ಜರ್ಮನರ ಹಿಡಿತದ ದಂಡೆಗೆ, ಇನ್ನೊಂದು ಅವರ ಹಿಡಿತವಿಲ್ಲದ ದಂಡೆಗೆ ತೆರೆಯುತ್ತಿತ್ತು. ಜನ ಅದರೊಳಗಿಂದ ದಾಟಿ ಜೀವ ಉಳಿಸಿಕೊಂಡರು.

ಇವೆಲ್ಲ ಚಂದವೇ. ಆದರೆ ನನ್ನ ಮನಸ್ಸಿನಲ್ಲಿ ನಿಂತಿದ್ದು ಬೇರೆ, ಗೆಳೆಯನ ಹಳ್ಳಿಯ ಒಂದು ಮನೆಯ ಗೋಡೆ. ಬಿಳಿ ಸುಣ್ಣಗಲ್ಲಿನ ಗೋಡೆ. ಅದರ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಅಡ್ಡಗೆರೆ ಕೊರೆದು ಪಕ್ಕದಲ್ಲಿ 1856 ಎಂದು ಕೆತ್ತಿದ್ದರು. ತುಸು ಕೆಳಗೆ ಇನ್ನೊಂದು ಗೆರೆ, 1866. ಇನ್ನೊಂದು, 1846. ಇದೇನೆಂದು ಕೇಳಿದೆ. ಮಹಾಪೂರ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು ಎಂಬುದರ ಗುರುತು ಎಂದ. ಲ್ವಾರ್ ಕೂಡ ಬೇಸಿಗೆಯಲ್ಲಿ ಮಲಗಿ ಮಳೆಗಾಲದಲ್ಲಿ ಊರು ನುಂಗುವ ಹೊಳೆಯೇ. ಎಂಟುನೂರು ವರ್ಷಕ್ಕೂ ಹಿಂದಿನಿಂದ ಒಡ್ಡು ಹಾಕುತ್ತ ಬಂದಿದ್ದಾರೆ. ಸೇತುವೆಯ ಕಂಬ, ಚರ್ಚಿನ ಗೋಡೆ, ಬಡವರ ಮನೆಯ ಕದದ ಚೌಕಟ್ಟು, ಎಲ್ಲ ಕಡೆ ಆ ಗೆರೆಗಳಿವೆ. ಮಕ್ಕಳು ಆ ಗೆರೆಗೆ ಬೆನ್ನು ಹಚ್ಚಿ ನಿಂತು ತಮ್ಮ ಎತ್ತರ ಅಳೆಯುತ್ತಾರೆ.

ಅಂದು ಸಂಜೆ ಹೊಳೆದಂಡೆಯಲ್ಲಿ ಕುಳಿತು ನಾನು ಒಯ್ದಿದ್ದ ಚಪಾತಿ, ಶೇಂಗಾ ಹಿಂಡಿ ತಿನ್ನುವಾಗ ಅವನು ಕೇಳಿದ: ನಿಮ್ಮೂರ ಹತ್ತಿರವೂ ಹೊಳೆ ಇದೆ ಅಂದೆಯಲ್ಲ, ಅದರ ದಂಡೆಯಲ್ಲಿ ಏನಿದೆ? ನಾನು ಹೆಮ್ಮೆಯಿಂದ ಫೋನ್ ತೆಗೆದು ಐಹೊಳೆಯ ದುರ್ಗದ ಗುಡಿಯ ಚಿತ್ರ ತೋರಿಸಿ, ಇದು ದುರ್ಗಾದೇವಿಯ ಗುಡಿ ಎಂದೆ. ಹೇಳಿ ಮುಗಿಸುವುದರೊಳಗೆ ನಾಲಿಗೆ ಕಚ್ಚಿಕೊಂಡೆ.

ಯಾಕೆಂದರೆ ಒಂಬತ್ತನೆಯ ತರಗತಿಯಲ್ಲಿ ನಮ್ಮ ಸಮಾಜ ವಿಜ್ಞಾನದ ಸರ್ ನಮ್ಮನ್ನು ಐಹೊಳೆಗೆ ಕರೆದುಕೊಂಡು ಹೋಗಿ, ಅದೇ ಗುಡಿಯ ಮುಂದೆ ನಿಲ್ಲಿಸಿ, "ಇದು ಯಾವ ದೇವರ ಗುಡಿ?" ಎಂದು ಕೇಳಿದ್ದರು. ಎಲ್ಲರಿಗಿಂತ ಮೊದಲು ಕೈ ಎತ್ತಿ ದುರ್ಗಾದೇವಿ ಎಂದವನು ನಾನು. ಸರ್ ನಕ್ಕು, "ಲೇ ಶ್ಯಾಣ್ಯಾ, ದುರ್ಗಾ ಅಲ್ಲ, ದುರ್ಗ. ದುರ್ಗ ಅಂದ್ರ ಕೋಟಿ. ಇದು ಕೋಟಿ ಗುಡಿ" ಎಂದು ವಿವರಿಸಿದ್ದರು. ಐಹೊಳೆಯ ಸುತ್ತ ಬುರುಜುಗಳಿರುವ ಕೋಟೆಗೋಡೆ ಇದೆ. ಹಿಂದಿನ ಕಾಲದ ಯಾವುದೋ ಕಾದಾಟದಲ್ಲಿ ಈ ಗುಡಿಯ ಚಾವಣಿಯ ಮೇಲೆ ಕಲ್ಲು ಪೇರಿಸಿ ಕಾವಲಿನ ಅಟ್ಟ ಮಾಡಿಕೊಂಡಿದ್ದರು. ಕೋಟೆಗೆ ಹೊಂದಿಕೊಂಡ ಗುಡಿ, ಆದ್ದರಿಂದ ದುರ್ಗದ ಗುಡಿ. ಅಂದು ಸರ್ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನನ್ನ ಲಕ್ಷ್ಯವೆಲ್ಲ ಬುತ್ತಿಯ ಗಂಟಿನ ಮೇಲಿತ್ತು.

ಊರಿಗೆ ಬಂದ ಮೇಲೆ ಅಪ್ಪನನ್ನು ಮೋಟಾರ್ ಸೈಕಲ್ ಮೇಲೆ ಕೂರಿಸಿಕೊಂಡು ಹೊಳೆಯ ಗುಂಟ ಹೊರಟೆ. ನಿಮಗೆ ಗೊತ್ತಿದ್ದಂತೆ ಅಪ್ಪ ಮಗ್ಗದ ಮನುಷ್ಯ. ಅರವತ್ತು ವರ್ಷದಲ್ಲಿ ಬಾದಾಮಿಗೆ ಹೋಗಿದ್ದು ಬನಶಂಕರಿ ಜಾತ್ರೆಗೆ ಮಾತ್ರ, ಗುಡ್ಡ ಹತ್ತಿರಲಿಲ್ಲ. ನಮ್ಮ ಹೊಳೆಗೂ ಕೋಟೆಗಳ ಸಾಲೇ ಇದೆ. ಮೇಲಿನಿಂದ ಬಂದರೆ ಸವದತ್ತಿಯಲ್ಲಿ ಶಿರಸಂಗಿ ದೇಸಾಯರ ಕೋಟೆ ಮತ್ತು ಪರಸಗಡ, ಕೆಳಗೆ ತೊರಗಲ್, ರಾಮದುರ್ಗ. ಹೊಳೆಯಿಂದ ತುಸು ದೂರ ನರಗುಂದ, 1858ರಲ್ಲಿ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದುನಿಂತ ಗುಡ್ಡ. ಆಮೇಲೆ ಬಾದಾಮಿ, ಐಹೊಳೆ. ಎಲ್ಲ ಸುತ್ತಲು ನಮಗೆ ರಜೆ ಸಾಲಲಿಲ್ಲ. ಬಾದಾಮಿಯಲ್ಲೇ ಒಂದು ದಿನ ಹೋಯಿತು.

ಬಾದಾಮಿಯಲ್ಲಿ ಎರಡು ಗುಡ್ಡ, ಎರಡು ಕೋಟೆ. ಉತ್ತರದ್ದಕ್ಕೆ ಬಾವನ್ ಬಂಡೆ ಕೋಟೆ ಎಂದೂ ದಕ್ಷಿಣದ್ದಕ್ಕೆ ರಣಮಂಡಲ ಎಂದೂ ಹೆಸರು. ನಡುವಿನ ಕಣಿವೆಗೆ ಒಡ್ಡು ಕಟ್ಟಿದ್ದರಿಂದ ಅಗಸ್ತ್ಯತೀರ್ಥದ ಹೊಂಡ. ಮಳೆ ಬಂದರೆ ಗುಡ್ಡದ ನೀರು ಅಕ್ಕ ತಂಗಿ ಜಲಪಾತವಾಗಿ ಧುಮುಕಿ ಆ ಕಡೆಗೇ ಬರುತ್ತದೆ. ಉತ್ತರದ ಗುಡ್ಡದ ಬಂಡೆಯೊಂದರ ಮೇಲೆ ಒಂದನೆಯ ಪುಲಕೇಶಿಯ ಶಾಸನವಿದೆ. ಶಕವರ್ಷ 465, ಅಂದರೆ ಕ್ರಿ.ಶ. 543. ವಾತಾಪಿಯ ಗುಡ್ಡವನ್ನು ಮೇಲಿನಿಂದಲೂ ಕೆಳಗಿನಿಂದಲೂ ಯಾರೂ ಗೆಲ್ಲಲಾಗದ ಕೋಟೆ ಮಾಡಿದೆನೆಂದು ಅದರಲ್ಲಿ ಹೇಳಿಸಿದ್ದಾನೆ. ಷಾಂಬೋರಿನ ಪಾಯಕ್ಕಿಂತ ಸುಮಾರು ಸಾವಿರ ವರ್ಷ ಹಿಂದಿನ ಮಾತು ಇದು.

ಗೆಲ್ಲಲಾಗದ್ದು ಅಂದ ಕೋಟೆಯನ್ನು ಸರಿಯಾಗಿ ನೂರು ವರ್ಷದೊಳಗೆ ಗೆದ್ದರು. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಂದು ಬಾದಾಮಿ ಹಿಡಿದ, ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನವನ್ನೂ ಕೊರೆಸಿದ. ಮತ್ತೆ ನೂರು ವರ್ಷ ಕಳೆದ ಮೇಲೆ ನಮ್ಮ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಅವನು ಅಲ್ಲಿಯ ಗುಡಿ ಕೆಡವಲಿಲ್ಲ. ದೇವರ ಒಡವೆ ದೇವರಿಗೇ ಬಿಟ್ಟು, ಹಾಗೆಂದು ಕೈಲಾಸನಾಥ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷನ ಗುಡಿ ಕಟ್ಟಿಸಿದಳು. ಅವಳ ತಂಗಿ, ಅವಳೂ ರಾಣಿಯೇ, ತ್ರೈಲೋಕ್ಯಮಹಾದೇವಿ, ಪಕ್ಕದಲ್ಲೇ ಮಲ್ಲಿಕಾರ್ಜುನನ ಗುಡಿ ಕಟ್ಟಿಸಿದಳು. ಶೆನನ್ಸೋದಲ್ಲಿ ಒಬ್ಬಳ ಸೇತುವೆಯ ಮೇಲೆ ಇನ್ನೊಬ್ಬಳು ಮನೆ ಏರಿಸಿದ್ದನ್ನು ನೋಡಿದ್ದ ನನಗೆ, ಅಕ್ಕ ತಂಗಿಯ ಎರಡು ಗುಡಿ ಒಂದೇ ಅಂಗಳದಲ್ಲಿ ನಿಂತದ್ದು ನೋಡಿ ಸಮಾಧಾನವಾಯಿತು. ಇನ್ನೊಂದು ಮಾತು. ಷಾಂಬೋರಿನ ನಕ್ಷೆ ಹಾಕಿದವರು ಯಾರೆಂದು ಅಲ್ಲಿಯ ಪಂಡಿತರು ಇಂದಿಗೂ ವಾದ ಮಾಡುತ್ತಾರೆ. ವಿರೂಪಾಕ್ಷನ ಗುಡಿಯ ಶಿಲ್ಪಿ ಗುಂಡ ಅನಿವಾರಿತಾಚಾರಿ ಎಂದು ಆ ಗುಡಿಯ ಶಾಸನವೇ ಹೇಳುತ್ತದೆ. ಕಲ್ಲು ತೆಗೆದ ಜಾಗವೂ ಉಳಿದಿದೆ. ಪಟ್ಟದಕಲ್ಲಿಗೆ ಸಮೀಪದ ಶಂಕರಲಿಂಗನ ಗುಂಡಿನ ಬಂಡೆಗಳ ಮೇಲೆ ಕಲ್ಲುಕುಟಿಗರು ತಮ್ಮ ಹೆಸರು, ಗೆರೆಯ ಚಿತ್ರ ಕೊರೆದು ಹೋಗಿದ್ದಾರೆ.

ಅಪ್ಪನಿಗೆ ರಾಜರ ಸುದ್ದಿಯಲ್ಲಿ ಅಷ್ಟು ಆಸಕ್ತಿ ಇರಲಿಲ್ಲ. ಬಾವನ್ ಬಂಡೆಯ ಮೇಲೆ ದುಂಡನೆಯ ಕಣಜಗಳ ಹತ್ತಿರ ಕುಳಿತು, ಕೆಳಗಿನ ಊರು ನೋಡುತ್ತ, ಇಷ್ಟರೊಳಗೆ ಎಷ್ಟು ಚೀಲ ಜೋಳ ಹಿಡಿದೀತು ಎಂದು ಲೆಕ್ಕ ಹಾಕುತ್ತಿದ್ದ. ಆಮೇಲೆ ಕೋಟೆಗೋಡೆಯ ತೆನೆಗಳ ಸಾಲನ್ನು ಬೆರಳಿನಿಂದ ತೋರಿಸಿ, "ಇದನ್ನ ನಾ ಐವತ್ತು ವರ್ಷದಿಂದ ನೇಯಾಕ ಹತ್ತೀನಲ್ಲೋ" ಎಂದ. ಹೌದು. ಇಳಕಲ್ ಸೀರೆಯ ಸೆರಗಿನಲ್ಲಿ ಕೋಟಿ ಕಮ್ಮಲಿ ಎಂಬ ವಿನ್ಯಾಸ ಇದೆಯಲ್ಲ, ಅದು ಕೋಟೆಯ ತೆನೆಯೇ. ನಮ್ಮ ಮನೆಯ ಮಗ್ಗದ ಕುಣಿಯ ಪಕ್ಕದಲ್ಲಿ ಕುಳಿತು ಪರೀಕ್ಷೆಗೆ ಓದಿದ ನನಗೆ ಆ ಮಾತು ಹೊಳೆದಿರಲಿಲ್ಲ.

ಮರುದಿನ ಐಹೊಳೆ. ಲ್ವಾರ್ ದಂಡೆಯಲ್ಲಿ ಉಳಿದಿರುವುದು ರಾಜರು ಇದ್ದ ಮನೆಗಳು. ನಮ್ಮಲ್ಲಿ ಚಾಲುಕ್ಯರ ಅರಮನೆ ಒಂದೂ ನಿಂತಿಲ್ಲ, ದೇವರ ಮನೆಗಳು ನಿಂತಿವೆ. ಆ ದೇವರ ಮನೆಗಳಲ್ಲಿ ನಮ್ಮ ಜನ ನೂರಾರು ವರ್ಷ ಬಾಳಿದ್ದಾರೆ. ಐಹೊಳೆಯ ನೂರಕ್ಕೂ ಹೆಚ್ಚು ಗುಡಿಗಳ ಹೆಸರು ಕೇಳಿ ನೋಡಿ. ಗೌಡರ ಗುಡಿ. ಬಡಿಗೇರ ಗುಡಿ. ಅಂಬಿಗೇರ ಗುಡಿ. ಚರಂತಿಮಠ. ಹುಚ್ಚಪ್ಪಯ್ಯನ ಗುಡಿ, ಹುಚ್ಚಪ್ಪಯ್ಯನ ಮಠ; ಹುಚ್ಚೇಶ್ವರನ ಊರಿನವರಾದ ನಮಗೆ ಈ ಹೆಸರು ಕೇಳಿದರೆ ಕಿವಿ ನಿಮಿರುತ್ತವೆ. ಲಾಡಖಾನ ಗುಡಿ ಎಂಬ ಹೆಸರು ಬಂದದ್ದು ಅದರೊಳಗೆ ಸಂಸಾರ ಹೂಡಿದ್ದ ಮುಸ್ಲಿಂ ಗೃಹಸ್ಥರೊಬ್ಬರಿಂದ. ಇವು ಯಾವ ರಾಜನೂ ಇಟ್ಟ ಹೆಸರುಗಳಲ್ಲ. ಒಳಗೆ ಒಲೆ ಹೂಡಿದವರ, ದನ ಕಟ್ಟಿದವರ, ಹತ್ತಿರ ಮನೆ ಮಾಡಿಕೊಂಡವರ ಹೆಸರುಗಳು. ಮೇಗುತಿಯಲ್ಲಿ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಶಾಸನವನ್ನು ದೇಶದ ಪಂಡಿತರೆಲ್ಲ ಓದುತ್ತಾರೆ. ಅದರಲ್ಲಿ ಕಾಳಿದಾಸ, ಭಾರವಿಯರ ಹೆಸರಿದೆ, ಇಮ್ಮಡಿ ಪುಲಕೇಶಿಯ ದಿಗ್ವಿಜಯ ಇದೆ. ಕೆಳಗಿನ ಊರಿನ ಈ ಹೆಸರುಗಳೂ ಒಂದು ಶಾಸನವೇ, ಕಲ್ಲಿನ ಮೇಲೆ ಇಲ್ಲ ಅಷ್ಟೆ.

ಒಂದು ಗುಡಿಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಮನೆ ಇತ್ತು. ಕಟ್ಟೆಯ ಮೇಲೆ ಅಜ್ಜಿಯೊಬ್ಬರು ಕುಳಿತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನೀರು ಕೇಳಿದೆ.

"ಯಾವೂರು ತಮ್ಮಾ?"

"ಕಮತಗಿ ಅಜ್ಜಿ."

"ಹಂಗಾರ ನಮ್ಮಾವನ ಬಿಡು. ಕುಂಡ್ರು" ಎಂದು ತಂಬಿಗೆ ಕೊಟ್ಟರು. ಆಮೇಲೆ ಗುಡಿಯ ಮುಂದಿನ ನೀಲಿ ಬೋರ್ಡ್ ತೋರಿಸಿ, "ನಿನಗ ಓದಾಕ ಬರತೈತಲ್ಲ, ಅದರಾಗ ಏನು ಬರದಾರ ಹೇಳು" ಎಂದರು. ಗುಡಿಯ ಹೆಸರು, ಶತಮಾನ, ಕಂಬ ಮತ್ತು ಶಿಖರದ ವಿವರ ಓದಿದೆ. ಗುಡಿಗೆ ಇದ್ದದ್ದು ಅವರ ಮನೆತನದ್ದೇ ಹೆಸರು.

"ಹೆಸರು ಅಷ್ಟ ಐತಿ? ಯಾರ ಹೆಸರು, ಅವರು ಎಂದಿನಿಂದ ಇಲ್ಲಿ ಅದಾರ, ಅದನ್ನ ಬರದಿಲ್ಲ?"

"ಇಲ್ಲಜ್ಜಿ. ಹನ್ನೆರಡನೇ ಶತಮಾನದ ಗುಡಿ ಅಂತ ಬರದಾರ."

"ಹನ್ನೆರಡನೇದಾಗ ಯಾರಿದ್ರೋ ಏನೋ. ನಾವು ಇದ್ದದ್ದು ಬರೀಬೇಕಿಲ್ಲೇನು?" ಎಂದು ಮೊರ ಝಾಡಿಸಿದರು. "ನಾ ಲಗ್ನಾಗಿ ಬಂದಾಗ ಈ ಗುಡ್ಯಾಗ ನಮ್ಮ ಎಮ್ಮಿ ಈದಿತ್ತು. ಇಲ್ಲಿಂದ ಎಬ್ಬಸ್ತೀವಿ ಎಬ್ಬಸ್ತೀವಿ ಅನ್ನೂದು ನಮ್ಮತ್ತಿ ಕಾಲದಿಂದ ನಡದೈತಿ. ಅತ್ತಿ ಹ್ವಾದ್ಲು. ನನ್ನ ಸರತಿ ಬಂತು."

ಐಹೊಳೆಯ ಸ್ಥಳಾಂತರದ ಮಾತು ಇಲ್ಲಿ ಕುಳಿತ ಯಾರಿಗೂ ಹೊಸದಲ್ಲ. ಬಹಳ ಮನೆಗಳಲ್ಲಿ ಐಹೊಳೆಯ ಬೀಗರಿದ್ದಾರೆ. ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದು. 2010ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು ಎಂದಾಯಿತು. ನಾನು ಬೆಂಗಳೂರಿನಲ್ಲಿ ಒಂದು ರಾತ್ರಿ ಕಂಪ್ಯೂಟರ್ ಮೇಲೆ ಐಹೊಳೆಯ ನಕ್ಷೆ ತೆಗೆದು, ಗುಡಿ ಗುಡಿಗೂ ನೂರು ಮೀಟರಿನ ದುಂಡು ಎಳೆದು ನೋಡಿದೆ. ದುಂಡಿನ ಮೇಲೆ ದುಂಡು ಬಿದ್ದು ಊರಿನ ನಡುವೆ ಖಾಲಿ ಜಾಗವೇ ಕಾಣಲಿಲ್ಲ. ಅಲ್ಲಿರುವ ಮಗ ಲಗ್ನವಾದರೆ ಒಂದು ಕೋಣೆ ಏರಿಸುವುದೂ ಕಷ್ಟ.

ಕಾಯ್ದೆ ತಪ್ಪು ಎಂದು ನಾನು ಹೇಳುವುದಿಲ್ಲ. ಒಲೆಯ ಹೊಗೆಗೆ ಕಂಬಗಳು ಕಪ್ಪಾಗಿದ್ದವು, ಶಾಸನದ ಕಲ್ಲು ಒಗೆಯುವ ಕಲ್ಲಾಗಿದ್ದವು. ತಡೆಯದಿದ್ದರೆ ನಮಗೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಫ್ರಾನ್ಸಿನಲ್ಲೂ ಕಟ್ಟುನಿಟ್ಟು ಇದೆ, ನಮಗಿಂತ ಹೆಚ್ಚೇ. 1943ರಿಂದ ಅಲ್ಲಿ ಸ್ಮಾರಕದ ಸುತ್ತ 500 ಮೀಟರ್ ಒಳಗೆ ಕಿಟಕಿಯ ಬಣ್ಣ ಬದಲಿಸಬೇಕಾದರೂ ಸರ್ಕಾರದ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು. ಗೆಳೆಯನ ಅಮ್ಮ ಆ ಬಗ್ಗೆ ಅರ್ಧ ತಾಸು ಬೈದರು. ಆದರೆ ಅದು ಹೇಗೆ ಕಟ್ಟಬೇಕು ಎಂಬ ಕಟ್ಟಳೆ, ಕಟ್ಟಲೇಬೇಡ ಎಂಬುದಲ್ಲ. 2000ದಲ್ಲಿ ಯುನೆಸ್ಕೋದವರು ಲ್ವಾರ್ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಬರೀ ಕೋಟೆಗಳನ್ನು ಸೇರಿಸಲಿಲ್ಲ. ಸುಮಾರು 280 ಕಿಲೋಮೀಟರ್ ಉದ್ದದ ಹೊಳೆ, ಅದರ ಒಡ್ಡು, ದ್ರಾಕ್ಷಿ ತೋಟ, ಹಳ್ಳಿ, ಪೇಟೆ ಎಲ್ಲವನ್ನೂ ಸೇರಿಸಿದರು. ಜನ ಬದುಕುತ್ತಿರುವ ಕಣಿವೆ ಎಂದೇ ಅದಕ್ಕೆ ಮರ್ಯಾದೆ. ನಮ್ಮ ಪಟ್ಟದಕಲ್ಲು 1987ರಲ್ಲೇ ಆ ಪಟ್ಟಿಗೆ ಸೇರಿತು, ಅವರಿಗಿಂತ ಮೊದಲು. ಆದರೆ ಸೇರಿದ್ದು ಗುಡಿಗಳು. ಹೊಳೆ ಬೇಲಿಯ ಹೊರಗೆ ಉಳಿಯಿತು.

ಹೊಳೆಗೆ ಬೇಲಿ ಗೊತ್ತಿಲ್ಲ. 2019ರ ಆಗಸ್ಟ್ ನೆನಪಿಸಿಕೊಳ್ಳಿ. ಮೇಲೆ ಮಳೆ, ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟರು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಹೊಳೆ ಬಂತು. ನಾನು ಬೆಂಗಳೂರಿನ ಆಫೀಸಿನಲ್ಲಿ ಕುಳಿತು ಫೋನಿನಲ್ಲಿ ಆ ಚಿತ್ರ ನೋಡಿದೆ. ಅದಕ್ಕೂ ಹತ್ತು ವರ್ಷ ಮೊದಲು, 2009ರಲ್ಲಿ ಬಂದ ನೆರೆಯನ್ನು ಇಲ್ಲಿಯ ಹಿರಿಯರು ಮರೆತಿಲ್ಲ. ಆದರೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಇಂದು ಕೇಳಿದರೆ ಒಬ್ಬರು ಹೊಸ್ತಿಲು ಎನ್ನುತ್ತಾರೆ, ಇನ್ನೊಬ್ಬರು ಎದೆಮಟ್ಟ ಎನ್ನುತ್ತಾರೆ. ಒಂದು ಗೋಡೆಯ ಮೇಲೂ ಗೆರೆ ಇಲ್ಲ. ಮನೆ ಕಟ್ಟುವವನಿಗೆ ಪಾಯ ಎಷ್ಟು ಎತ್ತರ ಇರಬೇಕೆಂದು ಹೇಳುವವರು ಇಲ್ಲ. ನಮ್ಮ ಕೆಲಸದಲ್ಲಿ ದಿನಕ್ಕೆ ಎರಡು ಸಲ ಬ್ಯಾಕಪ್ ತೆಗೆಯುತ್ತೇವೆ, ಯಾರದೋ ದೇಶದ ಅಂಗಡಿಯ ಬಿಲ್ಲುಗಳನ್ನು ಕಾಯಲಿಕ್ಕೆ. ನಮ್ಮ ಹೊಳೆಯ ಲೆಕ್ಕ ಮಾತ್ರ ಬಾಯಿಯಲ್ಲೇ ಇದೆ.

ಐಹೊಳೆಯ ಜನ ಇನ್ನೊಂದು ಕಡೆ ಹೋಗಬೇಕೋ ಇಲ್ಲೇ ಇರಬೇಕೋ ಎಂಬುದನ್ನು ಅವರೂ ಸರ್ಕಾರವೂ ತೀರ್ಮಾನಿಸಬೇಕು. ಬೆಂಗಳೂರಿನಿಂದ ಬಂದ ನಾನು ಅದರಲ್ಲಿ ಬುದ್ಧಿ ಹೇಳುವುದು ಸರಿಯಲ್ಲ. ಆದರೆ ಹೋಗುವ ಮೊದಲು ಯಾರ ಮನೆ ಯಾವ ಗುಡಿಗೆ ಹತ್ತಿತ್ತು, ಆ ಗುಡಿಗೆ ಆ ಹೆಸರು ಹೇಗೆ ಬಂತು, ಅಲ್ಲಿ ಯಾವ ಹಬ್ಬಕ್ಕೆ ಯಾರು ಎಣ್ಣೆ ಹಾಕುತ್ತಿದ್ದರು, ಇಷ್ಟನ್ನು ಬರೆದಿಡಲು ಯಾರ ಅನುಮತಿಯೂ ಬೇಕಿಲ್ಲ. ಅದಕ್ಕೆ ನಮ್ಮ ಬ್ಯಾಚಿನ ಹನ್ನೊಂದು ಜನ ಮಾತಾಡಿಕೊಂಡಿದ್ದೇವೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ನೂರು ಪುಟದ ನೋಟುಬುಕ್ಕು, ಪೆನ್ನು ಕೊಡುತ್ತೇವೆ. ಐಹೊಳೆಯಲ್ಲಿ ಅಜ್ಜಿ, ಸೋದರಮಾವ, ಅತ್ತೆ ಇರುವವರು ರಜೆಗೆ ಹೋದಾಗ ಕೇಳಿ ಬರೆದುಕೊಂಡು ಬರಬೇಕು. ಅವರು ಆಡಿದ ಮಾತಿನಲ್ಲೇ ಬರೆಯಿರಿ, ಪುಸ್ತಕದ ಭಾಷೆಗೆ ತಿದ್ದಬೇಡಿ. ಅದನ್ನೆಲ್ಲ ಟೈಪ್ ಮಾಡಿ, ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿ, ಒಂದು ಪ್ರತಿ ಐಹೊಳೆಯ ಶಾಲೆಯಲ್ಲಿ ಇಡುವ ಜವಾಬ್ದಾರಿ ನನ್ನದು. ಬರೆದುಕೊಟ್ಟ ಮಗುವಿನ ಹೆಸರು, ಹೇಳಿದವರು ಒಪ್ಪಿದರೆ ಅವರ ಹೆಸರು, ಎರಡೂ ಅದರಲ್ಲಿ ಇರುತ್ತವೆ. ಆ ಅಜ್ಜಿಗೆ ಮೊದಲ ಪ್ರತಿ ಓದಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಬೇಗ ಆಗಬೇಕು, ಅವರಿಗೆ ಎಂಬತ್ತು ದಾಟಿದೆ.

ಹಾಗೆಯೇ ಹೊಳೆದಂಡೆಯ ಹಳ್ಳಿಗಳಲ್ಲಿ ನೆರೆ ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ನಾಲ್ಕು ಜನ ಹಿರಿಯರು ಒಪ್ಪಿ ತೋರಿಸಿದರೆ, ಅಲ್ಲಿಯ ಶಾಲೆಯ ಗೋಡೆಯ ಮೇಲೋ ಚಾವಡಿಯ ಕಂಬದ ಮೇಲೋ ಒಂದು ಗೆರೆ, ಒಂದು ಇಸವಿ ಬರೆಸೋಣ. ಹಳೆಯ ಗುಡಿಗಳ ಮೇಲೆ ಮಾತ್ರ ಬೇಡ, ಮಕ್ಕಳೇ, ಅಲ್ಲಿ ಸೀಮೆಸುಣ್ಣದ ಗೆರೆ ಎಳೆದರೂ ತಪ್ಪೇ. ಬಣ್ಣದ ಖರ್ಚು ಹೆಚ್ಚಿಲ್ಲ. ಹಿರಿಯರನ್ನು ಒಪ್ಪಿಸುವುದೇ ಕಷ್ಟದ ಕೆಲಸ. ಅದನ್ನು ನಮ್ಮಪ್ಪ ವಹಿಸಿಕೊಂಡಿದ್ದಾನೆ. ಮೊನ್ನೆ ಕಟ್ಟೆಯ ಮೇಲೆ ಶುರು ಮಾಡಿದ ವಾದ ಇನ್ನೂ ಮುಗಿದಿಲ್ಲವಂತೆ.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಶಾಲೆಯ ಮುಂದೆ ಎರಡು ಗಾಡಿ ನಿಂತಿರುತ್ತವೆ. ಒಂಬತ್ತನೆಯ ತರಗತಿಯವರು ಮನೆಯಲ್ಲಿ ಹೇಳಿ ಬನ್ನಿ. ಮೊದಲು ಐಹೊಳೆ, ಮಧ್ಯಾಹ್ನ ಬಾದಾಮಿಯ ಕೋಟೆ. ಬುತ್ತಿ ತನ್ನಿ, ಕಟಗ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ ಸಾಕು. ಗುಡ್ಡದ ಮೇಲೆ ಮಂಗಗಳಿವೆ, ಗಂಟು ಭದ್ರ. ನಿವೃತ್ತರಾದ ನಮ್ಮ ಸಮಾಜ ವಿಜ್ಞಾನದ ಸರ್ ಕೂಡ ಬರಲು ಒಪ್ಪಿದ್ದಾರೆ, ಇಲ್ಲೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಆ ಗುಡಿಯ ಮುಂದೆ ನಿಲ್ಲಿಸಿ ಇದು ಯಾವ ದೇವರ ಗುಡಿ ಎಂದು ನಿಮ್ಮನ್ನೂ ಕೇಳಬೇಕೆಂದಿದ್ದರು. ಉತ್ತರ ನಾನು ಈಗಲೇ ಹೇಳಿಬಿಟ್ಟೆ. ಸರ್, ತಪ್ಪಾಯಿತು, ನೀವು ಭಾನುವಾರದೊಳಗೆ ಬೇರೆ ಪ್ರಶ್ನೆ ಹುಡುಕಿಕೊಳ್ಳಬೇಕು.